ಸ್ಟೆಮ್ ಸೆಲ್ ಪುಡಿ ಕುಡಿದರೆ ಮಂಡಿ ಸವೆತ ಸರಿಯಾಗ್ತದಾ?

ಶಿರಸಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಸರ್, ಸೇಬಿನ ಸ್ಟೆಮ್ ಸೆಲ್ ಪುಡಿ ಅಂತ ಪರಿಚಯದವರು ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ನೀರಿಗೆ ಹಾಕಿ ಕುಡಿದರೆ ಆಯಿಯ ಮಂಡಿ ಸವೆತ ಸರಿ ಆಗ್ತದಾ?"

ಆಗುವುದಿಲ್ಲ. ಇದನ್ನು ಮದುವೆಮನೆಯ ಪಂಕ್ತಿಯಲ್ಲಿ ಹೇಳಿದ್ದೇನೆ, ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದೇನೆ, ಫೋನಿನಲ್ಲಂತೂ ಲೆಕ್ಕವಿಲ್ಲ. ಈಗ ಬರೆದೇ ಇಡುತ್ತೇನೆ.

ಮೊದಲು ಸ್ಟೆಮ್ ಸೆಲ್, ಅಂದರೆ ಕಾಂಡಕೋಶದ ಕೆಲಸ ನೋಡೋಣ. ನಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ. ತಾನಾಗಿ ಎರಡಾಗುವ ಶಕ್ತಿ ಅದಕ್ಕಿಲ್ಲ. ಹಾಗಾದರೆ ಹೋದದ್ದರ ಜಾಗ ತುಂಬುವವರು ಯಾರು? ಮೂಳೆಯ ಮಜ್ಜೆಯಲ್ಲಿರುವ ಕಾಂಡಕೋಶಗಳು. ಇವು ಎರಡಾಗುವಾಗ ಒಂದು ಪಾಲು ಕಾಂಡಕೋಶವಾಗಿಯೇ ಉಳಿಯುತ್ತದೆ, ಇನ್ನೊಂದು ರಕ್ತಕಣವಾಗುವ ದಾರಿ ಹಿಡಿಯುತ್ತದೆ. ಮೊಸರೆಲ್ಲ ಬಡಿಸಿ ಖಾಲಿ ಮಾಡದೆ ನಾಳೆಯ ಹೆಪ್ಪಿಗೆ ಒಂದು ಚಮಚ ತೆಗೆದಿಡುತ್ತೇವಲ್ಲ, ಹಾಗೆ. ದಾರಿ ಹಿಡಿದ ಪಾಲು ಮತ್ತೆ ಮತ್ತೆ ಇಬ್ಭಾಗವಾಗುತ್ತಾ ಹೋಗುತ್ತದೆ. ಹೀಗೆ ಸೆಕೆಂಡಿಗೆ 20 ಲಕ್ಷದಷ್ಟು ಕೆಂಪು ಕಣಗಳು ತಯಾರಾಗುತ್ತವೆ. ನೀವು ಈ ಸಾಲು ಓದುವಾಗಲೂ ಆ ಕೆಲಸ ನಿಂತಿಲ್ಲ!

ದಾರಿ ಹಿಡಿಯುವುದು ಅಂದರೇನು? ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುವ ಜೀನುಗಳು ಅವೇ. ಯಾವುದು ಚಾಲೂ, ಯಾವುದು ಬಂದ್ ಎಂಬುದರಲ್ಲಷ್ಟೇ ವ್ಯತ್ಯಾಸ. ಸುತ್ತಲಿನ ಕೋಶಗಳಿಂದ ಬರುವ ರಾಸಾಯನಿಕ ಸೂಚನೆ ಅದನ್ನು ತಿದ್ದುತ್ತದೆ. ಸುಮಾರು 5 ದಿನದ ಭ್ರೂಣದ ಒಳಗುಂಪಿನ ಕೋಶಗಳು ಮೈಯ ಯಾವ ಕೋಶ ಬೇಕಾದರೂ ಆಗಬಲ್ಲವು. ದೊಡ್ಡವರ ಮಜ್ಜೆಯ ರಕ್ತದ ಕಾಂಡಕೋಶ ಹಾಗಲ್ಲ. ಅದು ರಕ್ತದ ಕೋಶಗಳನ್ನು ಮಾಡುತ್ತದೆ, ಮಂಡಿಯಲ್ಲಿ ಸವೆಯುವ ಮೃದ್ವಸ್ಥಿಯನ್ನು, ಅಂದರೆ ಮೂಳೆತುದಿಯ ನುಣುಪಾದ ಮೆತ್ತೆಯನ್ನು, ಮಾಡುವುದಿಲ್ಲ. ಒಂದು ದಾರಿ ಹಿಡಿದು ಪಳಗಿದ ಕೋಶವನ್ನು ಮತ್ತೆ ಕಾಂಡಕೋಶದಂತಾಗಿಸಲು ಜಪಾನಿನ ಶಿನ್ಯಾ ಯಮನಾಕಾ ತಂಡ 2006ರಲ್ಲಿ ಇಲಿಯ ಕೋಶಗಳಿಗೆ ಆಯ್ದ 4 ಜೀನುಗಳನ್ನು ಸೇರಿಸಬೇಕಾಯಿತು. ಅದಕ್ಕೆ 2012ರಲ್ಲಿ ನೊಬೆಲ್ ಬಂತು. ಅಷ್ಟು ಕಷ್ಟದ ಕೆಲಸ ಅದು.

ಈಗ ಪುಡಿಗೆ ಬರುತ್ತೇನೆ. ಒಣಗಿಸಿ ಪುಡಿ ಮಾಡಿ ಪೊಟ್ಟಣಕ್ಕೆ ತುಂಬಿದ್ದರಲ್ಲಿ ಜೀವಂತ ಕೋಶ ಉಳಿದಿರುತ್ತದೆ ಎಂದು ಯಾಕೆ ನಂಬಬೇಕು? ಉಳಿದಿದೆ ಅಂತಲೇ ಇಟ್ಟುಕೊಳ್ಳಿ. ಹೊಟ್ಟೆಗೆ ಹೋದ ಮೇಲೆ ಅದೂ ಊಟವೇ. ಅನ್ನ, ತಂಬುಳಿ ಕರಗುವ ಹಾಗೇ ಅದೂ ಕರಗುತ್ತದೆ. ಕರುಳು ರಕ್ತಕ್ಕೆ ದಾಟಿಸುವುದು ಸಕ್ಕರೆ, ಅಮೈನೊ ಆಮ್ಲ, ಕೊಬ್ಬಿನಂಥ ಸಣ್ಣ ಚೂರುಗಳನ್ನು, ಇಡೀ ಕೋಶವನ್ನಲ್ಲ. ಸೇಬಿನ ಕೋಶಕ್ಕೆ ಸೇಬಿನ ಜೀನು. ಅದು ಎಷ್ಟೇ ಎಳೆಯದಿರಲಿ, ಸೇಬಿನ ಗಿಡದ ಭಾಗವಾಗಬಹುದೇ ಹೊರತು ಆಯಿಯ ಮಂಡಿಯಾಗದು. ಮನುಷ್ಯರ ಮಜ್ಜೆಯೇ ಮನುಷ್ಯರಿಗೆ ಸುಮ್ನೆ ಹೊಂದುವುದಿಲ್ಲ. ಒಡಹುಟ್ಟಿದ ಒಬ್ಬರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಿರುವಾಗ ಸೇಬಿನದು ಹೊಂದೀತೇ?

ಗೊಂದಲ ಹುಟ್ಟಿದ್ದು ಹೆಸರಿಂದ. ಕಾಂಡ ಅಂದ ಕೂಡಲೇ ಗಿಡದ ಕಾಂಡ ಕಣ್ಣಿಗೆ ಬರುತ್ತದೆ. ಜರ್ಮನಿಯ ಎರ್ನ್‌ಸ್ಟ್ ಹೆಕೆಲ್ 1868ರಲ್ಲಿ ಈ ಪದದ ಮೂಲರೂಪವನ್ನು ಬಳಸಿದಾಗ ಮನಸ್ಸಿನಲ್ಲಿದ್ದದ್ದು ವಂಶವೃಕ್ಷದ ಬುಡ. ಯಾವುದರಿಂದ ಉಳಿದವು ಕವಲೊಡೆಯುತ್ತವೋ ಅದು.

ಮಂಡಿಯ ಮೃದ್ವಸ್ಥಿಗೆ ರಕ್ತನಾಳವಿಲ್ಲ, ಅದಕ್ಕೇ ಸವೆದರೆ ತಾನಾಗಿ ತುಂಬುವುದು ಬಹಳ ಕಷ್ಟ. ಆಯಿಯನ್ನು ಮೂಳೆ ಡಾಕ್ಟರಿಗೆ ತೋರಿಸಿ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಕೇಳಿಕೊಂಡು ಬನ್ನಿ. ಪುಡಿಯ ದುಡ್ಡು ಆ ಖರ್ಚಿಗಾಗಲಿ.

ಹಾಗಂತ ಗಿಡಗಳಲ್ಲಿ ಕಾಂಡಕೋಶ ಇಲ್ಲವೆಂದಲ್ಲ. ನಮ್ಮ ತೋಟದಲ್ಲೇ ಇವೆ, ಇದನ್ನು ಮಾತ್ರ ಯಾರೂ ಕೇಳುವುದಿಲ್ಲ! ಮೆಣಸಿನ ಬಳ್ಳಿಯ ತುಂಡು ನೆಟ್ಟರೆ ಗೆಣ್ಣಿನಲ್ಲಿ ಬೇರು, ಚಿಗುರು ಎರಡೂ ಬರುತ್ತವೆ. ಅಪ್ಪೆಮಿಡಿಗೆ ಕಸಿ ಕಟ್ಟಿದಾಗ ತೊಗಟೆಯ ಒಳಗಿನ ತೆಳು ಪದರದ ಕೋಶಗಳು ಎರಡಾಗುತ್ತಾ ಎರಡು ಗಿಡಗಳನ್ನು ಬೆಸೆಯುತ್ತವೆ. ಅಡಿಕೆ ಮರಕ್ಕೆ ಆ ಪದರವೇ ಇಲ್ಲ. ಅದಕ್ಕೆ ತುದಿಯಲ್ಲಿ ಸುಳಿ ಒಂದೇ. ಸುಳಿ ಕೊಳೆತರೆ ಪಕ್ಕದಿಂದ ಚಿಗುರಲು ಇನ್ನೊಂದು ಮೊಗ್ಗಿಲ್ಲ, ಇಡೀ ಮರವೇ ಹೋಗುತ್ತದೆ. ಎಷ್ಟು ಒಳ್ಳೆಯ ಮರವಾದರೂ ಅದರ ತುಂಡು ನೆಟ್ಟು ಸಸಿ ಮಾಡಲಾಗದೆ ನಾವು ಗೋಟು, ಅಂದರೆ ಬಲಿತ ಅಡಿಕೆಯ ಬೀಜ ಹಾಕುವುದು ಇದಕ್ಕೇ.