ಮೆತ್ತನೆ ಸೀಟಿನ ಮೋಸ

ವಿಜಯಪುರದಿಂದ ಹುಬ್ಬಳ್ಳಿಗೆ ಹೆಚ್ಚುಕಮ್ಮಿ 200 ಕಿ.ಮೀ. ಹೊಸ ಕಾರು ತಗೊಂಡು ಮೊದಲ ಸಲ ಹೊರಟಾಗ ಕೊಲ್ಹಾರದ ಸೇತುವೆ ದಾಟುವಷ್ಟರಲ್ಲೇ ನನ್ನ ಸೊಂಟ ಹಿಡಿದುಕೊಂಡಿತ್ತು. ಸೀಟು ಕಲ್ಲಿನಂತಿದೆ ಅಂತ ದಾರಿಯುದ್ದಕ್ಕೂ ಬೈದುಕೊಂಡೆ. ವಾಪಸ್ ಬಂದು ಸೀಟ್ ಕವರ್ ಅಂಗಡಿಗೆ ಹೋದರೆ ಅವನು, "ಎರಡಿಂಚು ಫೋಮ್ ಕೂಡಿಸಿ ಹೊಲೀತೀನ್ರಿ ಸರ, ಗಾದಿ ಮ್ಯಾಲೆ ಕುಂತಂಗ ಆಗ್ತೈತಿ" ಅಂದ.

ಎಡವಟ್ಟು ಇರೋದೇ ಆ ಗಾದಿಯಲ್ಲಿ. ಕೂತಾಗ ಮೈಭಾರದ ಬಹುಪಾಲು ಬೀಳುವುದು ಕುಂಡಿಯ ಎರಡು ಮೂಳೆಗಳ ಮೇಲೆ. ಫೋಮ್ ತೀರಾ ಮೆತ್ತಗಿದ್ದರೆ ಅವು ಹೂತುಹೋಗುತ್ತವೆ, ಸೊಂಟ ಹಿಂದಕ್ಕೆ ವಾಲುತ್ತದೆ, ಕೆಳಬೆನ್ನಿನ ಸಹಜ ಬಾಗು ಹೋಗಿ ಬೆನ್ನು ಗೂನಾಗುತ್ತದೆ. ಮೊದಲ ಹತ್ತು ನಿಮಿಷ ಸುಖ, ಆಮೇಲೆ ನೋವು. ಶೋರೂಮಿನಲ್ಲಿ ಎರಡು ನಿಮಿಷ ಕೂತು "ಮಸ್ತ್ ಐತಿ" ಅನ್ನೋದು ಸುಮ್ನೆ.

ಕುಲುಕಾಟದ್ದು ಬೇರೆ ಲೆಕ್ಕ. ಮೇಲೆ-ಕೆಳಗಿನ ಕುಲುಕಾಟ ಸೆಕೆಂಡಿಗೆ 4ರಿಂದ 8 ಸಲ ಇದ್ದಾಗ ನಮ್ಮ ಮೈಗೆ ಜಾಸ್ತಿ ಹಿಂಸೆ. ಫೋಮ್ ಮೇಲೆ ಕೂತ ಮನುಷ್ಯ ಸುಮಾರು 4ರ ಆಸುಪಾಸಿನಲ್ಲೇ ಜೋರಾಗಿ ಕುಣಿಯತೊಡಗುತ್ತಾನೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಅಲ್ವಾ? ಆಗ ಸೀಟು ಕುಲುಕಾಟವನ್ನು ತಗ್ಗಿಸುವುದಿಲ್ಲ, ಇನ್ನಷ್ಟು ಹೆಚ್ಚಿಸುತ್ತದೆ.

ಇಷ್ಟಾದರೆ ಬರೀ ಬೆನ್ನುನೋವಿನ ಮಾತು. ಆದರೆ ಡಿಕ್ಕಿಯಾದಾಗಿನ ಕತೆಯೇ ಬೇರೆ. ಸೀಟ್ ಬೆಲ್ಟ್‌ನ ಕೆಳಪಟ್ಟಿ ಕೂರಬೇಕಾದ್ದು ಸೊಂಟದ ಮೂಳೆಯ ಮೇಲೆ. 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಷ್ಟು ವೇಗದಲ್ಲಿ ಡಿಕ್ಕಿಯಾದರೆ ಆ ಎರಡಿಂಚು ಫೋಮ್ ಚಪ್ಪಟೆಯಾಗಿ, ಮೈ ಬೆಲ್ಟ್ ಅಡಿಯಿಂದ ಮುಂದಕ್ಕೆ ಜಾರಬಹುದು. ಆಗ ಪಟ್ಟಿ ಹೊಟ್ಟೆಗೇರುತ್ತದೆ. ಅಲ್ಲಿ ತಡೆಯಲು ಮೂಳೆಯಿಲ್ಲ, ಕರುಳಿದೆ.

ಅಂಗಡಿಯವನ ಕವರ್ ಕೈಗೆ ತಗೊಂಡು ನೋಡಿದೆ. ದಪ್ಪ ರೆಕ್ಸಿನ್, ಅಂಚಿಗೆ ಜೋಡಿ ಹೊಲಿಗೆ. ನನ್ನ ಸೀಟಿನ ಬಾಗಿಲ ಕಡೆಯ ಅಂಚಿನಲ್ಲಿ ಹೆಬ್ಬೆರಳಿನಷ್ಟು ಚೀಟಿಯಿದೆ, ಮೇಲೆ 'ಏರ್‌ಬ್ಯಾಗ್' ಅಂತ. ಪಕ್ಕದಿಂದ ಯಾರಾದರೂ ಗುದ್ದಿದರೆ ನಡುವೆ ಇರುವುದು ಒಂದು ಬಾಗಿಲು ಮಾತ್ರ. ಹಾಗಾಗಿ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಆ ಚೀಲ ಸೀಟಿನ ಹೊಲಿಗೆ ಹರಿದು ಹೊರಬರಬೇಕು. ಅದಕ್ಕೇ ಕಂಪನಿಯವರು ಅಲ್ಲಿ ಸುಲಭಕ್ಕೆ ಹರಿಯುವ ಹೊಲಿಗೆ ಹಾಕಿರುತ್ತಾರೆ. ಜೋಡಿ ಹೊಲಿಗೆಯ ರೆಕ್ಸಿನ್ ಅದರ ಮೇಲೆ ಬಂದರೆ? "ಇಲ್ಲಿ ಜಾಗ ಬಿಟ್ಟಿಲ್ವಲ್ಲ" ಅಂದೆ. "ಯಾರೂ ಕೇಳಂಗಿಲ್ರಿ" ಅಂದ.

ಸೀಟು ಗಟ್ಟಿ ಅಂತ ಕಂಪನಿ ಮೇಲೇ ದೂರು ಕೊಡಬಹುದಲ್ಲ ಅಂತೀರಾ? 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ದೋಷವಿರುವ ಗಾಡಿಗಳನ್ನು ಕಂಪನಿ ವಾಪಸ್ ಕರೆಸುವಂತೆ ಸರ್ಕಾರ ಆದೇಶಿಸಬಹುದು. ಮಾಲೀಕರ ದೂರುಗಳಿಗೂ ಅಲ್ಲಿ ಲೆಕ್ಕವಿದೆ. ಆದರೆ ದೋಷದಿಂದ ಜನಕ್ಕೋ ಪರಿಸರಕ್ಕೋ ಹಾನಿಯಾಗುವಂತಿರಬೇಕು. ಬೆಲ್ಟ್‌ನ ಬಕಲ್ ತಾನೇ ಬಿಚ್ಚಿಕೊಂಡರೆ ಅದು ಅಂಥ ದೂರು. ಸೀಟು ಗಟ್ಟಿ ಅನ್ನೋದು ಅಲ್ಲ. ನಾವೇ ಏರ್‌ಬ್ಯಾಗ್ ಮೇಲೆ ಹೊಲಿಸಿಕೊಂಡರಂತೂ ದೂರು ಯಾರ ಮೇಲೆ?

ಕವರ್ ಹಾಕಿಸಲಿಲ್ಲ. ಮನೆ ಮುಂದೆ ಗಾಡಿ ನಿಲ್ಲಿಸಿ ಕ್ಲಚ್ ಪೂರ್ತಿ ಒತ್ತಿ ನೋಡಿದೆ. ಕಾಲು ನೆಟ್ಟಗಾಗಿ ಬೆನ್ನು ಸೀಟಿಂದ ಬಿಟ್ಟುಬರುತ್ತಿತ್ತು. ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದೆ.