ಅಲೋಹಾ ಸೂತ್ರದಲ್ಲಿ ಆ ‘2’ ಎಲ್ಲಿಂದ ಬಂತು?

ಕಂಪ್ಯೂಟರ್ ನೆಟ್‌ವರ್ಕ್ ಓದುವವರಿಗೆ ಎರಡು ಅಂಕಿಗಳು ಬಾಯಿಪಾಠ. ಅಲೋಹಾ ಎಂದರೆ ಹಲವರು ಒಂದೇ ಚಾನೆಲ್ ಹಂಚಿಕೊಳ್ಳುವ ಒಂದು ಕ್ರಮ. ಪ್ಯೂರ್ ಅಲೋಹಾಕ್ಕೆ ಗರಿಷ್ಠ ಥ್ರೂಪುಟ್ (ಚಾನೆಲ್ ಸಾಮರ್ಥ್ಯದಲ್ಲಿ ಸರಿಯಾಗಿ ತಲುಪುವ ಪಾಲು) ಶೇ. 18.4, ಸ್ಲಾಟೆಡ್ ಅಲೋಹಾಕ್ಕೆ ಶೇ. 36.8. ಎರಡನೆಯದು ಮೊದಲಿನದರ ಸರಿಯಾಗಿ ಇಮ್ಮಡಿ ಏಕೆ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಮಾತ್ರ ನಾವು ತಡವರಿಸುತ್ತೇವೆ. ಈ ಟಿಪ್ಪಣಿ ಬರೆಯಲು ಅದೇ ಕಾರಣ.

ಮೊದಲು ಹಿನ್ನೆಲೆ. ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಹವಾಯಿ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಅಲೋಹಾನೆಟ್ 1971ರ ಜೂನ್‌ನಲ್ಲಿ ಕೆಲಸ ಆರಂಭಿಸಿತು. ದೂರದ ಟರ್ಮಿನಲ್‌ಗಳನ್ನು ಹೊನೊಲುಲುವಿನ ಮುಖ್ಯ ಕಂಪ್ಯೂಟರಿಗೆ ದೂರವಾಣಿ ತಂತಿಯ ಬದಲು ರೇಡಿಯೊ ಮೂಲಕ ಜೋಡಿಸುವುದು ಗುರಿ. ಕಳುಹಿಸುವ ಸಂದೇಶದ ಪುಟ್ಟ ತುಂಡುಗಳೇ ಪ್ಯಾಕೆಟ್. ನಡುವೆ ನಿಂತು ಪ್ಯಾಕೆಟ್‌ಗಳನ್ನು ಸ್ವೀಕರಿಸುತ್ತಿದ್ದ ಪುಟ್ಟ ಕಂಪ್ಯೂಟರಿನ ಹೆಸರು ಮೆನೆಹುನೆ. ಹವಾಯಿಯ ಜನಪದ ಕಥೆಗಳಲ್ಲಿ ರಾತ್ರೋರಾತ್ರಿ ಕೆಲಸ ಮುಗಿಸುವ ಕುಳ್ಳರಿಗೆ ಹಾಗೆನ್ನುತ್ತಾರೆ.

ನಿಯಮ ಬಹಳ ಸರಳ: ಪ್ಯಾಕೆಟ್ ಸಿದ್ಧವಾದೊಡನೆ ಕಳುಹಿಸು. ತಲುಪಿತೆಂಬ ಸ್ವೀಕೃತಿ ಬಾರದಿದ್ದರೆ ಡಿಕ್ಕಿಯಾಗಿದೆ, ಅಂದರೆ ಇನ್ನೊಂದು ಪ್ಯಾಕೆಟ್ ಜೊತೆ ಬೆರೆತು ಕೆಟ್ಟಿದೆ ಎಂದು ತಿಳಿದು, ಯಾದೃಚ್ಛಿಕವಾಗಿ ಒಂದಿಷ್ಟು ಹೊತ್ತು ಕಾದು ಮತ್ತೆ ಕಳುಹಿಸು. ಎಲ್ಲರೂ ಒಂದೇ ಅವಧಿ ಕಾದರೆ ಅದೇ ಇಬ್ಬರು ಮತ್ತೆ ಡಿಕ್ಕಿ ಹೊಡೆಯುತ್ತಾರೆ.

‘ಕಳುಹಿಸುವ ಮುನ್ನ ಚಾನೆಲ್ ಖಾಲಿಯಿದೆಯೇ ಎಂದು ಕೇಳಿಸಿಕೊಳ್ಳಬಹುದಿತ್ತಲ್ಲ?’ ಎಂಬ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ಟರ್ಮಿನಲ್‌ಗಳು ಕಳುಹಿಸುತ್ತಿದ್ದುದು 407.350 ಮೆಗಾಹರ್ಟ್ಜ್‌ನಲ್ಲಿ, ಕೇಳುತ್ತಿದ್ದುದು 413.475ರಲ್ಲಿ. ಹೀಗಾಗಿ ಒಂದರ ಮಾತು ಇನ್ನೊಂದರ ಕಿವಿಗೆ ಬೀಳುವಂತಿರಲಿಲ್ಲ. ಮರಳಿ ಬರುವ ದಾರಿಯಲ್ಲಿ ಮೆನೆಹುನೆ ಒಂದೇ ಮಾತನಾಡುತ್ತಿದ್ದುದರಿಂದ ಅಲ್ಲಿ ಡಿಕ್ಕಿಯ ಪ್ರಶ್ನೆಯೇ ಇಲ್ಲ.

ಈಗ ಆ ‘2’. ಒಂದೇ ಅಳತೆಯ ಎರಡು ಬೆಂಕಿಕಡ್ಡಿ ತೆಗೆದುಕೊಳ್ಳಿ. ಒಂದನ್ನು ಮೇಜಿನ ಮೇಲಿಡಿ, ಅದು ನಮ್ಮ ಪ್ಯಾಕೆಟ್. ಇನ್ನೊಂದನ್ನು ಅದಕ್ಕೆ ಒತ್ತಿಕೊಂಡಂತೆ ಎಡದಿಂದ ಬಲಕ್ಕೆ ಜರುಗಿಸಿ. ಮೊದಲ ಸಲ ತುದಿಗೆ ತುದಿ ತಾಗಿದ ಕ್ಷಣದಿಂದ ಪೂರ್ತಿ ದಾಟಿಹೋಗುವವರೆಗೆ ಅದು ಎಷ್ಟು ದೂರ ಸರಿಯಿತು? ಎರಡು ಕಡ್ಡಿಗಳಷ್ಟು. ಅಂದರೆ ನಮಗಿಂತ ಒಂದು ಪ್ಯಾಕೆಟ್ ಕಾಲ (ಒಂದು ಪ್ಯಾಕೆಟ್ ಕಳುಹಿಸಲು ಬೇಕಾದ ಹೊತ್ತು) ಮೊದಲಿನಿಂದ ಒಂದು ಪ್ಯಾಕೆಟ್ ಕಾಲ ನಂತರದವರೆಗೆ ಬೇರೆ ಯಾರು ಆರಂಭಿಸಿದರೂ ಇಬ್ಬರದೂ ಹಾಳು. ಅಪಾಯದ ಅವಧಿ ಎರಡು ಪ್ಯಾಕೆಟ್ ಕಾಲ. ಇದನ್ನು ಕೈಯಾರೆ ಮಾಡಿ ನೋಡಿ, ಜನ್ಮದಲ್ಲಿ ಮರೆಯುವುದಿಲ್ಲ.

ಒಂದು ಪ್ಯಾಕೆಟ್ ಕಾಲದಲ್ಲಿ ಸರಾಸರಿ ‘ಜಿ’ ಪ್ರಯತ್ನಗಳು ನಡೆಯುತ್ತವೆ ಎನ್ನಿ. ಯಾದೃಚ್ಛಿಕ ಘಟನೆಗಳನ್ನು ಎಣಿಸುವ ಪಾಸಾನ್ ವಿತರಣೆಯ ಪ್ರಕಾರ, ಅಪಾಯದ ಅವಧಿಯಲ್ಲಿ ಬೇರೆ ಯಾರೂ ಬಾಯಿ ತೆರೆಯದಿರುವ ಸಂಭವನೀಯತೆ ಇ^(−2ಜಿ). ಇಲ್ಲಿ ‘ಇ’ ಎಂದರೆ 2.718. ಹಾಗಾಗಿ:

ಥ್ರೂಪುಟ್ = ಜಿ × ಇ^(−2ಜಿ)

ಜಿ = 0.5 ಆದಾಗ ಇದು ಗರಿಷ್ಠ, 0.184. ಜಿ = 1ಕ್ಕೆ ಏರಿದರೆ 0.135ಕ್ಕೆ, 2ಕ್ಕೆ ಏರಿದರೆ 0.037ಕ್ಕೆ ಕುಸಿಯುತ್ತದೆ. ನಾನು ಅಡಿಗೆರೆ ಎಳೆಯುವುದು ಈ ಕುಸಿತಕ್ಕೆ. ಡಿಕ್ಕಿ ಹೆಚ್ಚಿದರೆ ಮರುಪ್ರಯತ್ನ ಹೆಚ್ಚುತ್ತದೆ, ಅದರಿಂದ ಜಿ ಇನ್ನೂ ಏರುತ್ತದೆ, ಮತ್ತೆ ಡಿಕ್ಕಿ. ಪಠ್ಯದಲ್ಲಿ ‘ಅಸ್ಥಿರತೆ’ ಎಂದು ಒಂದು ಸಾಲಿನಲ್ಲಿ ಮುಗಿಸುವುದು ಇದನ್ನೇ.

ಸ್ಲಾಟೆಡ್ ಅಲೋಹಾದಲ್ಲಿ ಕಾಲವನ್ನು ಪ್ಯಾಕೆಟ್ ಉದ್ದದ ಮನೆಗಳಾಗಿ ಭಾಗಿಸಿ, ಮನೆಯ ಆರಂಭದಲ್ಲಷ್ಟೇ ಕಳುಹಿಸಲು ಬಿಡುತ್ತಾರೆ. ಅರೆಬರೆ ಡಿಕ್ಕಿ ಅಸಾಧ್ಯ. ಡಿಕ್ಕಿಯಾದರೆ ಪೂರ್ತಿಯಾಗಿಯೇ ಆಗುತ್ತದೆ, ಇಲ್ಲದಿದ್ದರೆ ಆಗುವುದೇ ಇಲ್ಲ. ಅಪಾಯದ ಅವಧಿ ಅರ್ಧವಾಗಿ, ಸೂತ್ರದ ಘಾತದಲ್ಲಿದ್ದ ‘2’ ಹೋಗಿ, ಗರಿಷ್ಠ 0.368 ಆಗುತ್ತದೆ. ಜಿಎಸ್ಎಂ ಮೊಬೈಲ್ ಕರೆ ಮಾಡಲು ಗೋಪುರವನ್ನು ಮೊದಲು ವಿನಂತಿಸುವುದು ಈ ಕ್ರಮದಲ್ಲಿಯೇ.

ಒಂದು ಲೆಕ್ಕ ಮಾಡೋಣ. ಅಲೋಹಾನೆಟ್‌ನ ಪೂರ್ಣ ಪ್ಯಾಕೆಟ್ 704 ಬಿಟ್, ವೇಗ ಸೆಕೆಂಡಿಗೆ 9600 ಬಿಟ್. ಒಂದು ಪ್ಯಾಕೆಟ್‌ಗೆ 0.0733 ಸೆಕೆಂಡ್ ಬೇಕು. 0.184 ÷ 0.0733 = 2.5, ಅಂದರೆ ಸೆಕೆಂಡಿಗೆ ಸರಾಸರಿ ಎರಡೂವರೆ ಪ್ಯಾಕೆಟ್ ದಡ ಸೇರುತ್ತವೆ. ಪ್ರತಿ ಬಳಕೆದಾರ 30 ಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್ ಕಳುಹಿಸಿದರೆ, ಒಂದೇ ಚಾನೆಲ್ ಸುಮಾರು 75 ಜನರನ್ನು ತಾಳಿಕೊಳ್ಳುತ್ತದೆ. ಸ್ಲಾಟ್ ಮಾಡಿದರೆ 150.