ನಾಯಿಗೆ ಬೇಲಿ ಕಾಣುವುದಿಲ್ಲ

ರಾತ್ರಿ ಹತ್ತು ಗಂಟೆ. ಅಮೆರಿಕದ ಇಂಡಿಯಾನಾದಲ್ಲೋ ಟೆನೆಸ್ಸಿಯಲ್ಲೋ ಒಂದು ಜೋಳದ ಹೊಲದ ಅಂಚಿನಲ್ಲಿ ಪಿಕಪ್ ಟ್ರಕ್ ನಿಂತಿದೆ. ಹಿಂದಿನ ಪೆಟ್ಟಿಗೆಯಿಂದ ನಾಲ್ಕು ನಾಯಿ ಇಳಿದು ಕತ್ತಲೆಗೆ ನುಗ್ಗುತ್ತವೆ. ಅವನ್ನು ತಂದ ನಾಲ್ಕು ಜನ ಮಾತ್ರ ನಿಂತಲ್ಲೇ ನಿಲ್ಲುತ್ತಾರೆ. ಲೈಟ್ ಆರಿಸಿ, ಕೈಕಟ್ಟಿ, ಸುಮ್ನೆ. ಬೇಟೆಗೆ ಬಂದವರು ಇವರು. ಆದರೆ ಮುಂದಿನ ಅರ್ಧ ಗಂಟೆ ಇವರಿಗಿರುವ ಕೆಲಸ ಒಂದೇ, ಕೇಳುವುದು.

ದೂರದಲ್ಲಿ ಒಂದು ಉದ್ದನೆಯ ಊಳು ಏಳುತ್ತದೆ. ನಾಯಿಗೆ ರಕೂನ್ ಎಂಬ ಕಾಡುಪ್ರಾಣಿ ನಡೆದು ಹೋದ ಜಾಡಿನ ವಾಸನೆ ಸಿಕ್ಕಿತು ಅಂತ ಅರ್ಥ. ಯಾರ ನಾಯಿ ಅಂತ ಯಜಮಾನ ಕತ್ತಲೆಯಲ್ಲೇ ಹೇಳುತ್ತಾನೆ, ಪಕ್ಕದ ಮನೆಯವರ ಕೆಮ್ಮನ್ನು ನಾವು ಗುರುತಿಸುವ ಹಾಗೆ. ಸ್ವಲ್ಪ ಹೊತ್ತಿಗೆ ಊಳು ನಿಂತು, ಸೌದೆ ಒಡೆದಂತೆ ತುಂಡು ತುಂಡಾಗಿ, ಬಿಡುವಿಲ್ಲದೆ ಬೊಗಳು ಶುರುವಾಗುತ್ತದೆ. ರಕೂನ್ ಮರ ಹತ್ತಿದೆ. ನಾಯಿ ಕಾಂಡಕ್ಕೆ ಮುಂಗಾಲು ಕೊಟ್ಟು ಮೇಲೆ ನೋಡಿ ಕೂಗುತ್ತಿದೆ. ಈಗ ಇವರು ಹೊರಡುತ್ತಾರೆ.

ಈ ಆಟಕ್ಕೆ ಈಗ ಕಷ್ಟಕಾಲ. ರಕೂನ್ ಕಡಿಮೆಯಾಗಿದೆ ಅಂದುಕೊಂಡಿರಾ? ಅಲ್ಲ. ಕಾಡುಪ್ರಾಣಿ ತಜ್ಞರ ಒಂದು ಅಂದಾಜಿನಂತೆ 1980ರ ದಶಕದ ಕೊನೆಗೆ ಉತ್ತರ ಅಮೆರಿಕದಲ್ಲಿದ್ದ ರಕೂನ್‌ಗಳು 1930ರ ದಶಕದಲ್ಲಿದ್ದದ್ದಕ್ಕಿಂತ 15ರಿಂದ 20 ಪಟ್ಟು ಹೆಚ್ಚು. ಬೇಟೆ ಧಾರಾಳವಾಗಿದೆ, ಆಟ ಬಡವಾಗಿದೆ. ವಿಷಯ ಇರುವುದೇ ಇಲ್ಲಿ.

ರಕೂನ್ ನಮ್ಮಲ್ಲಿಲ್ಲ. ಗಾತ್ರದಲ್ಲಿ ನಮ್ಮ ಪುನುಗು ಬೆಕ್ಕಿಗಿಂತ ದಪ್ಪ, ಕಣ್ಣ ಸುತ್ತ ಕಳ್ಳರ ಮುಖವಾಡದಂಥ ಕಪ್ಪು ಪಟ್ಟಿ, ಬಾಲದಲ್ಲಿ ಬಳೆ ಬಳೆ ಗೆರೆ. ಸಾಮಾನ್ಯವಾಗಿ ನಾಲ್ಕರಿಂದ ಒಂಬತ್ತು ಕಿಲೋ ತೂಗುತ್ತದೆ. ಹೆಸರು ವರ್ಜೀನಿಯಾದ ಮೂಲನಿವಾಸಿ ಪೊವಾಟನ್ ಜನರ ಭಾಷೆಯಿಂದ ಬಂದದ್ದು. ಇದರ ಮುಂಗೈ ನೋಡಬೇಕು. ಐದು ಉದ್ದ ಬೆರಳು, ಮನುಷ್ಯರ ಮಗುವಿನ ಕೈಯ ಹಾಗೆ. ಸ್ಪರ್ಶಕ್ಕೆ ಮೀಸಲಾದ ಮಿದುಳಿನ ಭಾಗದಲ್ಲಿ ದೊಡ್ಡ ಪಾಲು ಈ ಕೈಗಳಿಗೇ ಹೋಗುತ್ತದೆ. ಕೆಸರು ನೀರಿನಲ್ಲಿ ಕೈ ಬಿಟ್ಟು, ಎತ್ತಲೋ ನೋಡುತ್ತಾ, ಏಡಿ ಹಿಡಿಯುತ್ತದೆ. ಕಸದ ಡಬ್ಬಿಯ ಮುಚ್ಚಳ ತೆಗೆಯುವುದು ಇದಕ್ಕೆ ಯಾವ ಲೆಕ್ಕ? ನಾಯಿಗಳು ಬೆನ್ನು ಹತ್ತಿದಾಗಲೂ ಬುದ್ಧಿ ಕಡಿಮೆಯಲ್ಲ. ಒಂದು ಮರಕ್ಕೆ ಸ್ವಲ್ಪ ಹತ್ತಿ, ಮತ್ತೆ ಇಳಿದು, ತೊರೆಯ ನೀರಲ್ಲಿ ನಡೆದು ಇನ್ನೊಂದು ಮರಕ್ಕೆ ಹೋಗುತ್ತದೆ ಎನ್ನುತ್ತಾರೆ ಬೇಟೆಗಾರರು. ಎಳೆ ನಾಯಿ ಮೊದಲನೇ ಮರದ ಕೆಳಗೇ ಕೂಗುತ್ತಾ ನಿಲ್ಲುತ್ತದೆ. ಪಳಗಿದ ನಾಯಿ ಮರದ ಸುತ್ತ ಒಂದು ದೊಡ್ಡ ಸುತ್ತು ಹಾಕಿ, ಜಾಡು ಹೊರಗೆ ಹೋಗಿದೆಯಾ ಅಂತ ನೋಡಿಯೇ ಬಾಯಿ ಬಿಡುತ್ತದೆ.

ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿಯನ್ನು ಇಲ್ಲಿ ನೆನೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಮುಧೋಳ ಕಣ್ಣಿನ ನಾಯಿ. ಬಯಲಲ್ಲಿ ಮೊಲ ಕಂಡರೆ ಸದ್ದಿಲ್ಲದೆ ಬಾಣದಂತೆ ಓಡುತ್ತದೆ. ರಕೂನ್ ಬೇಟೆಗೆಂದೇ ಬೆಳೆಸಿದ ಕೂನ್‌ಹೌಂಡ್ ಮೂಗಿನ ನಾಯಿ. ಜೋಲು ಕಿವಿ, ದಪ್ಪ ಗಂಟಲು, ಓಟಕ್ಕಿಂತ ಹಟ ಜಾಸ್ತಿ. ಬ್ಲೂಟಿಕ್, ರೆಡ್‌ಬೋನ್, ಟ್ರೀಯಿಂಗ್ ವಾಕರ್, ಬ್ಲ್ಯಾಕ್ ಅಂಡ್ ಟ್ಯಾನ್, ಪ್ಲಾಟ್, ಇಂಗ್ಲಿಷ್ ಅಂತ ಮುಖ್ಯವಾಗಿ ಆರು ತಳಿ. ಪ್ಲಾಟ್ ಒಂದನ್ನು ಬಿಟ್ಟರೆ ಉಳಿದವುಗಳ ಹಿರಿಯರು ಇಂಗ್ಲಿಷರು ತಂದ ನರಿ ಬೇಟೆ ನಾಯಿಗಳು. ನರಿ ನೆಲದ ಮೇಲೆ ಓಡುತ್ತದೆ, ರಕೂನ್ ಮರ ಹತ್ತುತ್ತದೆ. ಜಾಡು ತಟ್ಟನೆ ಕಡಿದಾಗ ಕಂಗಾಲಾಗದೆ ತಲೆ ಎತ್ತಿ ಮೇಲೆ ನೋಡುವ ನಾಯಿಯನ್ನು ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ್ದಾರೆ.

ಮೂಗಿನ ಕೆಲಸ ಎಷ್ಟು ಸೂಕ್ಷ್ಮ ಅಂದರೆ, ಜಾಡು ಸಿಕ್ಕರೆ ಸಾಲದು, ಪ್ರಾಣಿ ಯಾವ ಕಡೆ ಹೋಯಿತು ಅಂತಲೂ ತಿಳಿಯಬೇಕು. ಮನುಷ್ಯರ ಹೆಜ್ಜೆ ಜಾಡಿನ ಮೇಲೆ ನಾಯಿಗಳನ್ನು ಬಿಟ್ಟು ಮಾಡಿದ ಪ್ರಯೋಗದಲ್ಲಿ ಐದು ಹೆಜ್ಜೆ ಮೂಸಿದರೆ ಅವುಗಳಿಗೆ ದಿಕ್ಕು ಗೊತ್ತಾಗುತ್ತಿತ್ತು, ಮೂರು ಸಾಲುತ್ತಿರಲಿಲ್ಲ. ಒಂದು ಹೆಜ್ಜೆಗೂ ಮುಂದಿನದಕ್ಕೂ ನಡುವೆ ಒಂದೆರಡು ಸೆಕೆಂಡ್ ಅಂತರವೂ ಇರುವುದಿಲ್ಲ. ಅಷ್ಟರಲ್ಲಿ ವಾಸನೆ ಎಷ್ಟು ಮಾಸಿದೆ ಅಂತ ನಾಯಿ ಹೋಲಿಸಿ ನೋಡುತ್ತದೆ ಎಂಬುದು ವಿಜ್ಞಾನಿಗಳ ಊಹೆ. ಗಂಟೆಗಟ್ಟಲೆ ಹಳೆಯದಾದ ಜಾಡನ್ನೂ ಹಿಡಿಯುವ ನಾಯಿಗೆ ಬೇಟೆಗಾರರು ‘ತಣ್ಣನೆ ಮೂಗಿನ ನಾಯಿ’ ಎನ್ನುತ್ತಾರೆ. ಬಿಸಿ ಜಾಡು ಮಾತ್ರ ಬೇಕೆನ್ನುವುದು ‘ಬಿಸಿ ಮೂಗಿನದು’.

ಮತ್ತೆ ಕಷ್ಟಕ್ಕೆ ಬರೋಣ. ಮೊದಲು ಹೋದದ್ದು ದುಡ್ಡು. 1920ರ ದಶಕದಲ್ಲಿ ಕಾಲೇಜು ಹುಡುಗರು ರಕೂನ್ ತುಪ್ಪಳದ ಉದ್ದ ಕೋಟು ಹಾಕಿ ಮೆರೆಯುತ್ತಿದ್ದರು. 1950ರ ದಶಕದಲ್ಲಿ ಟೀವಿ ನೋಡಿದ ಮಕ್ಕಳೆಲ್ಲ ಬಾಲ ನೇತಾಡುವ ರಕೂನ್ ಟೋಪಿಗೆ ಹಟ ಹಿಡಿದರು. 1970ರ ದಶಕದ ಕೊನೆಗೆ ಒಳ್ಳೆಯ ಚರ್ಮಕ್ಕೆ 25 ಡಾಲರಿಗಿಂತ ಜಾಸ್ತಿ ಸಿಗುತ್ತಿತ್ತು. ಹಳ್ಳಿ ಹುಡುಗನೊಬ್ಬ ಚಳಿಗಾಲದ ರಾತ್ರಿಗಳಲ್ಲಿ ದುಡಿದು ಹಳೆ ಟ್ರಕ್ಕೊಂದರ ಕಂತು ಕಟ್ಟಬಹುದಿತ್ತು. 1980ರ ದಶಕದ ಕೊನೆಗೆ ತುಪ್ಪಳದ ಮಾರುಕಟ್ಟೆ ಕುಸಿಯಿತು. ಈಗ ಚರ್ಮಕ್ಕೆ ಸಿಗುವ ನಾಲ್ಕು ಕಾಸು ಪೆಟ್ರೋಲಿಗೂ ಆಗುವುದಿಲ್ಲ. ನಾಯಿಯ ಊಟ, ಚುಚ್ಚುಮದ್ದು, ಕಾಲರ್ ಎಲ್ಲ ಸೇರಿದರೆ ಮೂಗಿಗಿಂತ ಮೂಗುತಿ ಭಾರ. ಬಲೆ ಒಡ್ಡುವವರೂ ಬೇಟೆಗಾರರೂ ಹಿಂದೆ ಸರಿದರು, ರಕೂನ್ ಮುಂದೆ ಬಂತು. ದಕ್ಷಿಣ ಡಕೋಟಾ ರಾಜ್ಯ 2019ರಿಂದ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಉಳಿಸಲು ರಕೂನ್ ಮತ್ತಿತರ ಪ್ರಾಣಿಗಳ ಒಂದೊಂದು ಬಾಲಕ್ಕೆ 10 ಡಾಲರ್ ಕೊಡಲು ಶುರುಮಾಡಿತು. ಒಂದು ಕಾಲದಲ್ಲಿ ಅಂಗಡಿಯವನು ಕೊಡುತ್ತಿದ್ದ ದುಡ್ಡನ್ನು ಈಗ ಸರ್ಕಾರ ಕೊಡಬೇಕಾಗಿದೆ.

ಇದಕ್ಕಿಂತ ದೊಡ್ಡ ತೊಂದರೆ ಜಾಗದ್ದು. ರಕೂನ್ ಊರಿಗೆ ಬಂದುಬಿಟ್ಟಿದೆ. ವಾಷಿಂಗ್ಟನ್ ನಗರದೊಳಗಿನ ರಾಕ್ ಕ್ರೀಕ್ ಪಾರ್ಕಿನಲ್ಲಿ ಎಣಿಸಿದಾಗ ಚದರ ಕಿಲೋಮೀಟರಿಗೆ ನೂರಕ್ಕೂ ಹೆಚ್ಚು ಸಿಕ್ಕವು. ಅಲ್ಲಿಗೆ ಯಾರೂ ನಾಯಿ ಬಿಡುವಂತಿಲ್ಲ. ಬಿಡಬಹುದಾದ ಹಳ್ಳಿಯಲ್ಲೋ, ಅಜ್ಜನ ಕಾಲದ ದೊಡ್ಡ ಜಮೀನು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಆಮೇಲೆ ಪಟ್ಟಣದಿಂದ ಬಂದವರಿಗೆ ಹಂಚಿಹೋಗಿದೆ. ಒಂದು ರಾತ್ರಿಯ ಜಾಡು ಎರಡು ಮೂರು ಮೈಲಿ ಓಡಬಹುದು. ಮೊದಲು ಇಬ್ಬರ ಜಮೀನು ದಾಟುತ್ತಿದ್ದ ನಾಯಿ ಈಗ ಹತ್ತು ಜನರದ್ದನ್ನು ದಾಟುತ್ತದೆ. ಆ ಹತ್ತರಲ್ಲಿ ಒಬ್ಬರಿಗಾದರೂ ನಡುರಾತ್ರಿಯ ಬೊಗಳು ಕೇಳಿ ಪೊಲೀಸರಿಗೆ ಫೋನ್ ಮಾಡಬೇಕೆನಿಸುತ್ತದೆ. ಅವರದ್ದೂ ತಪ್ಪಲ್ಲ ಬಿಡಿ. ನಮ್ಮ ತೋಟದಲ್ಲಿ ರಾತ್ರಿ ಎರಡಕ್ಕೆ ಯಾರೋ ಲೈಟ್ ಹಿಡಿದು ಓಡಾಡಿದರೆ ನಾವೇನು ಕಾಫಿ ಕೊಡ್ತೀವಾ?

ಜಿಂಕೆ ಬೇಟೆಗಾರರ ಜೊತೆಗಿನ ಜಗಳ ಇನ್ನೊಂದು. ಅವರು ವರ್ಷಕ್ಕೆ ಇಷ್ಟು ಅಂತ ಬಾಡಿಗೆ ಕೊಟ್ಟು ಕಾಡನ್ನು ಗುತ್ತಿಗೆ ಹಿಡಿಯುತ್ತಾರೆ. ರಾತ್ರಿ ನಾಯಿ ನುಗ್ಗಿದರೆ ಬೆಳಿಗ್ಗೆ ಜಿಂಕೆ ಬರುವುದಿಲ್ಲ ಎಂಬುದು ಅವರ ದೂರು. ಜಿಂಕೆ ಹಿಂದೆ ಓಡುವ ಕೂನ್‌ಹೌಂಡ್ ಅಂದರೆ ಯಜಮಾನನಿಗೂ ನಾಚಿಕೆಯೇ. ಅಂಥ ನಾಯಿ ‘ಕಸ ಓಡಿಸುತ್ತದೆ’ ಎನ್ನುತ್ತಾರೆ. ಆದರೆ ದುಡ್ಡು ಕೊಟ್ಟವನ ಮಾತೇ ನಡೆಯುತ್ತದೆ. ಪುಕ್ಕಟೆ ಬರುತ್ತಿದ್ದ ರಕೂನ್ ಬೇಟೆಗಾರನಿಗೆ ಗೇಟು ಮುಚ್ಚುತ್ತದೆ.

ಈ ವಿಷಯದಲ್ಲಿ ವರ್ಜೀನಿಯಾದ ಕಾನೂನು ಕುತೂಹಲದ್ದು. ಬೇಟೆ ಬೇರೆ ಕಡೆ ಶುರುವಾಗಿದ್ದರೆ, ನರಿ ಮತ್ತು ರಕೂನ್ ಬೇಟೆಗಾರರು ತಮ್ಮ ನಾಯಿಗಳ ಹಿಂದೆ ‘ಪ್ರವೇಶವಿಲ್ಲ’ ಎಂದು ಬರೆದ ಜಮೀನಿಗೂ ಹೋಗಬಹುದು. ಉಳಿದ ಬೇಟೆಯವರು ನಾಯಿಯನ್ನು ವಾಪಸ್ ತರಲು ಮಾತ್ರ ಹೋಗಬಹುದು, ಕೋವಿ ಒಯ್ಯುವಂತಿಲ್ಲ. ಹಳೆಯ ಕಾಲದ ನಂಬಿಕೆಯ ಮೇಲೆ ನಿಂತ ಕಾನೂನು ಇದು. ಜಮೀನು ಕೊಂಡ ಹೊಸಬರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭವಲ್ಲ.

ತಂತ್ರಜ್ಞಾನ ಸಹಾಯಕ್ಕೆ ಬಂತು, ಹೌದು. ಮೊದಲೆಲ್ಲ ನಾಯಿ ಕಳೆದುಹೋದರೆ, ಅದನ್ನು ಬಿಟ್ಟ ಜಾಗದಲ್ಲೇ ಯಜಮಾನರು ತಮ್ಮ ಕೋಟು ಬಿಚ್ಚಿ ಹಾಸಿ ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಬಂದರೆ ನಾಯಿ ಕೋಟಿನ ಮೇಲೆ ಸುರುಳಿ ಸುತ್ತಿ ಮಲಗಿರುತ್ತಿತ್ತು. ಈಗ ಕುತ್ತಿಗೆಗೆ ಜಿಪಿಎಸ್ ಕಾಲರ್. ಕೈಯ ಪರದೆಯಲ್ಲಿ ನಾಲ್ಕು ನಾಯಿ ಎಲ್ಲಿವೆ, ಎಷ್ಟು ದೂರ, ಓಡುತ್ತಿವೆಯೋ ಮರದ ಕೆಳಗಿವೆಯೋ ಎಲ್ಲ ಕಾಣುತ್ತದೆ. ಹೆದ್ದಾರಿ ಹತ್ತಿರ ಹೋದರೆ ಕೈಯಲ್ಲಿರುವ ಯಂತ್ರದ ಗುಂಡಿ ಒತ್ತಿ ಕಾಲರಿನ ಮೂಲಕ ತಡೆಯಬಹುದು. ಎಷ್ಟೋ ನಾಯಿಗಳ ಜೀವ ಇದರಿಂದ ಉಳಿದಿದೆ. ಆದರೆ ಅದೇ ನಕ್ಷೆಯಲ್ಲಿ ಜಮೀನಿನ ಗಡಿಯೂ, ಒಡೆಯನ ಹೆಸರೂ ಕಾಣುತ್ತದೆ. ‘ಕತ್ತಲೆ, ಗೊತ್ತಾಗಲಿಲ್ಲ’ ಎನ್ನುವ ಹಳೆಯ ನೆಪ ಹೋಯಿತು. ನಾಯಿಗೆ ಬೇಲಿ ಕಾಣುವುದಿಲ್ಲ, ಯಜಮಾನನಿಗೆ ಈಗ ಕಾಣುತ್ತದೆ.

ಇನ್ನು ಕಾಯಿಲೆ. ಇಲ್ಲಿ ಬೇಟೆಗಾರರು ತಾವೇ ತೋಡಿದ ಹಳ್ಳವೊಂದಿದೆ, ಹೇಳದೆ ಬಿಡಬಾರದು. ರಕೂನ್‌ಗಳಲ್ಲಿ ಹರಡುವ ರೇಬೀಸ್ ಮೊದಲು ಫ್ಲೋರಿಡಾ, ಜಾರ್ಜಿಯಾ ಸುತ್ತಮುತ್ತ ಮಾತ್ರ ಇತ್ತು. 1970ರ ದಶಕದಲ್ಲಿ ಬೇಟೆಗೆ ರಕೂನ್ ಸಾಲದು ಅಂತ ಫ್ಲೋರಿಡಾದಿಂದ ಸಾವಿರಾರು ಪ್ರಾಣಿಗಳನ್ನು ಲಾರಿಗಳಲ್ಲಿ ವರ್ಜೀನಿಯಾ ಕಡೆಗೆ ತಂದು ಬಿಟ್ಟರು. 1977ರಲ್ಲಿ ಪಕ್ಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಮೊದಲ ರೇಬೀಸ್ ರಕೂನ್ ಸಿಕ್ಕಿತು. ವೈರಸ್ಸಿನ ಬಗೆ ನೋಡಿದರೆ ಅದು ಫ್ಲೋರಿಡಾದ್ದೇ. ಅಲ್ಲಿಂದ ವರ್ಷಕ್ಕೆ ಹತ್ತಾರು ಕಿಲೋಮೀಟರಿನಂತೆ ಹರಡಿ, 1990ರ ದಶಕದಲ್ಲಿ ಪೂರ್ವ ಕರಾವಳಿಯ ತುದಿಯವರೆಗೂ ಹೋಗಿ, 1999ರಲ್ಲಿ ಕೆನಡಾದ ಒಂಟಾರಿಯೊ ಮುಟ್ಟಿತು. ಇವತ್ತಿಗೂ ಅಮೆರಿಕದ ಕೃಷಿ ಇಲಾಖೆ ವಿಮಾನದಿಂದ ಮೀನಿನ ಹಿಟ್ಟು ಬಳಿದ ಲಸಿಕೆ ತುತ್ತುಗಳನ್ನು ಅಪಲೇಷಿಯನ್ ಬೆಟ್ಟಸಾಲಿನ ಉದ್ದಕ್ಕೂ ಎಸೆಯುತ್ತದೆ, ಕಾಯಿಲೆ ಪಶ್ಚಿಮಕ್ಕೆ ದಾಟದಿರಲಿ ಅಂತ. ರಕೂನ್ ಅದನ್ನು ಕಚ್ಚಿದರೆ ಒಳಗಿನ ಲಸಿಕೆ ಬಾಯಿಗೆ ಸೇರುತ್ತದೆ. ನಮಗೆ ರೇಬೀಸ್ ಅಂದರೆ ಬೀದಿ ನಾಯಿ, ಅಲ್ವಾ? ಅಮೆರಿಕದ ಪೂರ್ವದಲ್ಲಿ ಅದು ಮೊದಲು ರಕೂನ್.

ನಾಯಿಗೇ ಬರುವ ಇನ್ನೊಂದು ವಿಚಿತ್ರ ಕಾಯಿಲೆ ಇದೆ, ಹೆಸರೇ ಕೂನ್‌ಹೌಂಡ್ ಲಕ್ವಾ. 1950ರ ದಶಕದಲ್ಲಿ ಪಶುವೈದ್ಯರು ಮೊದಲು ದಾಖಲಿಸಿದ್ದು. ರಕೂನ್ ಕಚ್ಚಿ ಒಂದೆರಡು ವಾರ ಕಳೆದ ಮೇಲೆ ನಾಯಿಯ ಹಿಂಗಾಲು ಸೋಲುತ್ತದೆ, ಆಮೇಲೆ ಮುಂಗಾಲು. ರಕೂನ್ ಜೊಲ್ಲಿನಲ್ಲಿರುವ ಏನೋ ಒಂದು ನಾಯಿಯ ರೋಗನಿರೋಧಕ ಶಕ್ತಿಯನ್ನು ಅದರ ನರಗಳ ಮೇಲೇ ತಿರುಗಿಸುತ್ತದೆ. ಮನುಷ್ಯರಲ್ಲಿ ಗಿಯಾನ್-ಬಾರೆ ಕಾಯಿಲೆಯಲ್ಲಿ ಆಗುವ ಹಾಗೆಯೇ. ರಕೂನ್ ಮುಖವನ್ನೇ ಕಾಣದ ಆಸ್ಟ್ರೇಲಿಯದ ನಾಯಿಗಳಲ್ಲೂ ಇಂಥದ್ದೇ ಬರುತ್ತದೆ. ಅಲ್ಲಿ ಹಸಿ ಕೋಳಿಮಾಂಸದ ಬ್ಯಾಕ್ಟೀರಿಯಾ ಮೇಲೆ ಅನುಮಾನ. ನಾಯಿ ಬಾಲ ಅಲ್ಲಾಡಿಸುತ್ತದೆ, ಊಟ ಮಾಡುತ್ತದೆ, ಏಳಲು ಮಾತ್ರ ಆಗುವುದಿಲ್ಲ. ಕೂಗು ಸಣ್ಣಗಾಗಿ, ಕೆಲವೊಮ್ಮೆ ಬರೀ ಉಸಿರಿನಂತೆ ಹೊರಡುತ್ತದೆ. ಕತ್ತಲೆಯಲ್ಲಿ ದನಿಯಿಂದಲೇ ನಾಯಿಯನ್ನು ಗುರುತಿಸುವ ಯಜಮಾನನಿಗೆ ಇದು ಹೇಗಿರಬೇಡ. ಔಷಧಿ ಅಂತ ಹೇಳಿಕೊಳ್ಳುವಂಥದ್ದಿಲ್ಲ. ಮಗ್ಗುಲು ಬದಲಿಸಿ, ಕೈಯಾರೆ ಉಣಿಸಿ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದರೆ ಹೆಚ್ಚಿನವು ಎದ್ದು ನಿಲ್ಲುತ್ತವೆ.

ಹಾಗಾದರೆ ಆಟ ಉಳಿದಿರುವುದು ಎಲ್ಲಿ? ಬಹುಮಟ್ಟಿಗೆ ಸ್ಪರ್ಧೆಗಳಲ್ಲಿ. ಇಲ್ಲಿ ಕೊಲ್ಲುವ ಮಾತೇ ಇಲ್ಲ. ಮೊದಲು ಜಾಡು ಹಿಡಿದು ಕೂಗಿದ ನಾಯಿಗೆ 100 ಅಂಕ, ಮೊದಲು ಮರ ಹಿಡಿದದ್ದಕ್ಕೆ 125. ಲೈಟ್ ಹಾಕಿದಾಗ ಮೇಲೆ ಎರಡು ಕಣ್ಣು ಹೊಳೆದರೆ ಅಂಕ ಸಿಕ್ಕಿತು, ಮರ ಖಾಲಿಯಿದ್ದರೆ ಅಷ್ಟೇ ಅಂಕ ಕಡಿತ. ರಕೂನನ್ನು ಅಲ್ಲೇ ಬಿಟ್ಟು ಬರುತ್ತಾರೆ. ಸಾವಿರಾರು ಡಾಲರ್ ಬಹುಮಾನವೂ ಉಂಟು. ಗಡಿಯಾರ ಓಡುತ್ತಿರುವಾಗ ಯಾರಿಗೆ ಬೇಕು ಹಳೆ ಜಾಡನ್ನು ತಾಳ್ಮೆಯಿಂದ ಬಿಡಿಸುವ ತಣ್ಣನೆ ಮೂಗು? ಬೇಗ ಮರ ಹಿಡಿಯುವ ನಾಯಿಗೇ ಬೆಲೆ, ಅದರ ಮರಿಗಳಿಗೇ ಬೇಡಿಕೆ. ಹಳೆ ಬೇಟೆಗಾರರ ಗೊಣಗಾಟ ಇದೇ, ಮತ್ತು ನನಗೆ ಅವರು ಹೇಳುವುದು ಸರಿ ಅನ್ನಿಸುತ್ತದೆ. ಆರಿಸುವ ಕೈ ಏನನ್ನು ಮೆಚ್ಚುತ್ತದೋ ತಳಿ ಅದೇ ಆಗುತ್ತದೆ.

ಮರುದಿನ ಶಾಲೆಯಿರುವ ಮಕ್ಕಳನ್ನು ರಾತ್ರಿಯೆಲ್ಲ ಕಾಡಿಗೆ ಕರೆದೊಯ್ಯಲು ಈಗ ಯಾರೂ ತಯಾರಿಲ್ಲ. ಬೇಟೆಗೆ ಬರುವವರ ಗಡ್ಡ ವರ್ಷ ವರ್ಷ ಬೆಳ್ಳಗಾಗುತ್ತಿದೆ.

ಅಲಬಾಮಾದ ವಾಯವ್ಯ ಮೂಲೆಯ ಕಾಡಿನಲ್ಲಿ ಕೂನ್‌ಹೌಂಡ್‌ಗಳಿಗೇ ಮೀಸಲಾದ ಒಂದು ಸ್ಮಶಾನವಿದೆ. 1937ರ ಸೆಪ್ಟೆಂಬರಿನಲ್ಲಿ ಟ್ರೂಪ್ ಎಂಬ ನಾಯಿಯನ್ನು ಅದರ ಯಜಮಾನ ತಾವು ಬೇಟೆಗೆ ಸೇರುತ್ತಿದ್ದ ಜಾಗದಲ್ಲೇ ಹೂತ. ಈಗ ಅಲ್ಲಿ 300ಕ್ಕೂ ಹೆಚ್ಚು ನಾಯಿಗಳಿವೆ. ಮುದ್ದಿನ ನಾಯಿ, ಕಾವಲು ನಾಯಿ ಯಾವುದಕ್ಕೂ ಜಾಗವಿಲ್ಲ. ಇದು ನಿಜವಾದ ಕೂನ್ ನಾಯಿ ಅಂತ ಯಜಮಾನ ಹೇಳಬೇಕು. ಅದು ಹೌದು ಅಂತ ಇನ್ನೊಬ್ಬ ಸಾಕ್ಷಿ ನುಡಿಯಬೇಕು. ಆಮೇಲೆ ಸ್ಥಳೀಯ ಬೇಟೆ ಕೂಟದ ಒಬ್ಬರು ಬಂದು, ಮಣ್ಣು ಮುಚ್ಚುವ ಮೊದಲು, ನಾಯಿಯನ್ನು ಕಣ್ಣಾರೆ ನೋಡಬೇಕು.